ನೆಟ್ಟವನ ಹೊಣೆ: ಭಂಗಿ ಗಿಡದ ಇತಿಹಾಸದಿಂದ ಒಂದು ಪಾಠ

ಕಳೆದ ವರ್ಷದ ಮಳೆಗಾಲ ಮುಗಿಯುತ್ತಿದ್ದ ದಿನಗಳು. ಇಶಾ ನಮಾಝಿನ ಬಳಿಕ ನಮ್ಮ ಜಮಾಅತಿನ ತಾಯಿಯೊಬ್ಬರು ತಮ್ಮ ಅಣ್ಣನೊಂದಿಗೆ ನಮ್ಮ ಮನೆಗೆ ಬಂದರು. ಅವರ ಪತಿ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿದ್ದಾರೆ. ಹಿರಿಯ ಮಗ ಪದವಿ ತರಗತಿಯ ಮೊದಲ ವರ್ಷದಲ್ಲಿದ್ದಾನೆ. ಚಿಕ್ಕಂದಿನಲ್ಲಿ ನನ್ನ ಬಳಿಯೇ ಕುರ್‌ಆನ್ ಕಲಿತ ಹುಡುಗ. ತಾಯಿ ಮನೆಯ ತಾರಸಿಯಲ್ಲಿ ಕುಂಡಗಳನ್ನಿಟ್ಟು ಮಲ್ಲಿಗೆ ಬೆಳೆಸುತ್ತಾರೆ. ಆ ಕುಂಡಗಳ ನಡುವೆ ಒಂದು ಹೊಸ ಗಿಡ ಎದ್ದಿತ್ತು. ಮಗ ತಂದಿಟ್ಟ ಯಾವುದೋ ಅಲಂಕಾರದ ಗಿಡವೆಂದುಕೊಂಡು ಆಕೆ ಎರಡು ತಿಂಗಳು ಮಲ್ಲಿಗೆಯೊಂದಿಗೆ ಅದಕ್ಕೂ ನೀರು ಹಾಕಿದ್ದರು. ಸೊಂಟದೆತ್ತರ ಬೆಳೆದ ಗಿಡವನ್ನು ಊರಿಂದ ಬಂದ ಅಣ್ಣ ನೋಡಿ, ಇದು ಗಾಂಜಾ ಎಂದು ಗುರುತಿಸಿದರು. ನಮ್ಮಲ್ಲಿಗೆ ಬರುವ ಹೊತ್ತಿಗೆ ಗಿಡವನ್ನು ಕಿತ್ತು ಸುಟ್ಟಾಗಿತ್ತು.

ಆ ತಾಯಿ ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. “ಉಸ್ತಾದರೇ, ಆ ಗಿಡಕ್ಕೆ ನೀರು ಹಾಕಿದವಳು ನಾನು. ಆ ಪಾಪದಲ್ಲಿ ನನಗೂ ಪಾಲಿದೆಯೇ?”

ಮರುದಿನ ಹುಡುಗನನ್ನು ಕರೆಸಿಕೊಂಡೆ. ಅವನು ತಲೆ ತಗ್ಗಿಸಿ ಕುಳಿತಿದ್ದರೂ ಉತ್ತರ ಸಿದ್ಧವಾಗಿತ್ತು. “ನಾನು ಸೇದಿಲ್ಲ ಉಸ್ತಾದ್. ಗೆಳೆಯನೊಬ್ಬ ಬೀಜ ಕೊಟ್ಟ. ಮೊಳೆಯುತ್ತದೆಯೋ ಇಲ್ಲವೋ ನೋಡೋಣವೆಂದು ಹಾಕಿದೆ. ಬೆಳೆಸಿದ್ದೇನೆ, ಅಷ್ಟೇ. ಗಿಡವನ್ನು ಸೃಷ್ಟಿಸಿದವನು ಅಲ್ಲಾಹನೇ ಅಲ್ಲವೇ? ಕುರ್‌ಆನಿನಲ್ಲಿ ಗಾಂಜಾದ ಹೆಸರೇ ಇಲ್ಲವಲ್ಲ?”

ತಾಯಿಯ ಪ್ರಶ್ನೆ ಒಂದು, ಮಗನ ವಾದ ಇನ್ನೊಂದು. ಗದರಿಸಿ ಕಳುಹಿಸುವುದು ಸುಲಭವಿತ್ತು. ಆದರೆ ಈ ಎರಡು ಪ್ರಶ್ನೆಗಳೂ ಹೊಸವಲ್ಲ. ಸುಮಾರು ಎಂಟು ಶತಮಾನಗಳ ಹಿಂದೆ ಖುರಾಸಾನಿನಲ್ಲಿ, ದಮಾಸ್ಕಸ್ಸಿನಲ್ಲಿ, ಕೈರೋ ನಗರದ ತೋಟಗಳಲ್ಲಿ ಇವೇ ಪ್ರಶ್ನೆಗಳು ಎದ್ದಿದ್ದವು. ನಮ್ಮ ಉಲಮಾಗಳು ಅವುಗಳನ್ನು ತಳ್ಳಿಹಾಕದೆ, ಕುಳಿತು ಯೋಚಿಸಿ ಉತ್ತರಿಸಿದ್ದರು. ಆ ಇತಿಹಾಸವನ್ನು ಅರಿಯದೆ ಇಂದಿನ ಮಕ್ಕಳಿಗೆ ಉತ್ತರ ಕೊಡಲು ಹೊರಟರೆ ನಮ್ಮ ಮಾತು ಬರಿಯ ಬೈಗುಳವಾಗಿಬಿಡುತ್ತದೆ.

ಗಿಡಕ್ಕೆ ಎರಡು ಬದುಕು

ಮೊದಲು ಹುಡುಗನ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಗಿಡವನ್ನು ಸೃಷ್ಟಿಸಿದವನು ಅಲ್ಲಾಹನೇ. ಅವನು ವ್ಯರ್ಥವಾಗಿ ಏನನ್ನೂ ಸೃಷ್ಟಿಸಿಲ್ಲ. ಅರಬಿಯಲ್ಲಿ ‘ಖಿನ್ನಬ್’ ಎಂದು ಕರೆಯಲಾಗುವ ಈ ಸಸ್ಯದ ಕಾಂಡದ ನಾರು ಬಹಳ ಗಟ್ಟಿ. ಪ್ರಾಚೀನ ಕಾಲದಿಂದಲೂ ಮನುಷ್ಯರು ಅದರಿಂದ ಹಗ್ಗ ಹೊಸೆದರು, ಬಟ್ಟೆ ನೇಯ್ದರು. 8ನೇ ಶತಮಾನದಲ್ಲಿ ಸಮರ್ಖಂದ್ ಮತ್ತು ಬಗ್ದಾದಿನಲ್ಲಿ ಕಾಗದ ತಯಾರಿಕೆ ಬೆಳೆದಾಗ, ಹಳೆಯ ನಾರುಬಟ್ಟೆಯ ಚಿಂದಿಗಳ ಜೊತೆಗೆ ಈ ಗಿಡದ ನಾರಿನ ಹಗ್ಗದ ಚೂರುಗಳನ್ನೂ ಕುಟ್ಟಿ ತಿರುಳು ಮಾಡುತ್ತಿದ್ದರು. ಹದೀಸ್, ಫಿಕ್ಹ್, ವೈದ್ಯ, ಗಣಿತ ಗ್ರಂಥಗಳು ಊರಿಂದೂರಿಗೆ ಹರಡಿದ್ದು ಅಂಥ ಕಾಗದದ ಮೇಲೆ. ನಮ್ಮ ಪೂರ್ವಿಕರ ಜ್ಞಾನವನ್ನು ಹೊತ್ತು ತಂದ ಹಾಳೆಗಳಲ್ಲಿ ಈ ಗಿಡಕ್ಕೂ ಒಂದು ಪಾಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ವೈದ್ಯರೂ ಇದನ್ನು ಬಲ್ಲವರಾಗಿದ್ದರು. ಇದರ ಬೀಜವನ್ನು ‘ಶಾಹ್‌ದಾನಜ್’ ಎಂಬ ಹೆಸರಿನಿಂದ ಔಷಧ ಗ್ರಂಥಗಳಲ್ಲಿ ದಾಖಲಿಸಿದರು. ಅಂದಲೂಸಿನ ಮಾಲಗಾದಲ್ಲಿ ಹುಟ್ಟಿ, 1248ರಲ್ಲಿ ದಮಾಸ್ಕಸ್ಸಿನಲ್ಲಿ ನಿಧನರಾದ ಸಸ್ಯವಿಜ್ಞಾನಿ ಇಬ್ನುಲ್ ಬೈತಾರ್ ತಮ್ಮ ಬೃಹತ್ ಔಷಧಕೋಶದಲ್ಲಿ ಇದರ ಒಂದು ಬಗೆಯನ್ನು ‘ಹಿಂದೂಸ್ಥಾನದ ಖಿನ್ನಬ್’ ಎಂದು ಬೇರ್ಪಡಿಸಿ ವರ್ಣಿಸಿದ್ದಾರೆ. ಈಜಿಪ್ಟಿನ ಹೊರತು ಬೇರೆಲ್ಲೂ ತಾವದನ್ನು ಕಂಡಿಲ್ಲವೆಂದೂ, ಅಲ್ಲಿ ಅದನ್ನು ತೋಟಗಳಲ್ಲಿ ಬಿತ್ತಿ ಬೆಳೆಯುತ್ತಾರೆಂದೂ, ಅದಕ್ಕೆ ‘ಹಶೀಶ’ ಎನ್ನುತ್ತಾರೆಂದೂ ಅವರು ಬರೆದರು. ಅಲ್ಲಿನ ಫಕೀರರು ಅದರ ಎಲೆಗಳನ್ನು ಬೇಯಿಸಿ ಅರೆದು ಗುಳಿಗೆ ಮಾಡಿಯೋ, ಒಣಗಿಸಿ ಹುರಿದು ಎಳ್ಳು ಸಕ್ಕರೆಯೊಡನೆ ಬೆರೆಸಿಯೋ ತಿನ್ನುವುದನ್ನು ಅವರು ಗಮನಿಸಿದ್ದರು. ಹೊಗೆಯಾಗಿ ಸೇದುವ ಕಾಲ ಇನ್ನೂ ಬಂದಿರಲಿಲ್ಲ. ಅದು ಬುದ್ಧಿಯನ್ನು ಕೆಡಿಸುವುದನ್ನೂ, ಕೆಲವರನ್ನು ಹುಚ್ಚಿನವರೆಗೆ ಒಯ್ಯುವುದನ್ನೂ ಅವರು ಮುಚ್ಚಿಡಲಿಲ್ಲ.

ಹೀಗೆ ಒಂದೇ ಗಿಡಕ್ಕೆ ಎರಡು ಬದುಕು. ಹಗ್ಗವಾದರೆ ಹಡಗನ್ನು ಕಟ್ಟುತ್ತದೆ; ಅಮಲಾದರೆ ಮನುಷ್ಯನನ್ನೇ ಕಟ್ಟಿಹಾಕುತ್ತದೆ. ಯಾವ ಬದುಕು ಅದಕ್ಕೆ ದೊರೆಯಬೇಕೆಂದು ತೀರ್ಮಾನಿಸುವವನು ಮನುಷ್ಯ. ಆ ತೀರ್ಮಾನ ಬೀಜ ಬಿತ್ತುವ ಹೊತ್ತಿನಲ್ಲಿಯೇ ಆರಂಭವಾಗುತ್ತದೆ.

ಫಕೀರರ ಗಿಡವೆಂಬ ಕಥೆ

ಅಮಲಿಗಾಗಿ ಈ ಗಿಡವನ್ನು ಮೊದಲು ಬೆಳೆಸಿದವರು ಯಾರು? ಈಜಿಪ್ಟಿನ ಇತಿಹಾಸಕಾರ ಅಲ್ ಮಖ್ರೀಝಿ (ನಿಧನ 1442) ಕೈರೋ ನಗರದ ಬೀದಿ, ಮಸೀದಿ, ಮಾರುಕಟ್ಟೆ, ತೋಟಗಳ ಚರಿತ್ರೆಯನ್ನು ‘ಖಿತತ್’ ಎಂಬ ಗ್ರಂಥದಲ್ಲಿ ಸಂಗ್ರಹಿಸಿದವರು. ಅದರಲ್ಲಿ ಅವರು ಹಳೆಯದೊಂದು ಕಥೆಯನ್ನು ಉಲ್ಲೇಖಿಸುತ್ತಾರೆ. ಖುರಾಸಾನಿನಲ್ಲಿ, ನೈಶಾಪೂರಿನ ಕಡೆಯ ಬೆಟ್ಟಸೀಮೆಯಲ್ಲಿ, ಶೈಖ್ ಹೈದರ್ ಎಂಬ ವಿರಕ್ತರೊಬ್ಬರಿದ್ದರು. ಒಂದು ದಿನ ಬಿಸಿಲಿನಲ್ಲಿ ಒಬ್ಬರೇ ಹೊರಗೆ ಹೋದಾಗ, ಗಾಳಿಯೇ ಇಲ್ಲದ ಹೊತ್ತಿನಲ್ಲಿ ತೂಗಾಡುತ್ತಿದ್ದ ಗಿಡವೊಂದನ್ನು ಕಂಡರು. ಅದರ ಎಲೆಯನ್ನು ತಿಂದು ಉಲ್ಲಾಸದಿಂದ ಮರಳಿದರು. ಜನಸಾಮಾನ್ಯರಿಗೆ ಇದನ್ನು ತಿಳಿಸಬಾರದು, ಫಕೀರರಲ್ಲಿಯೇ ಗುಟ್ಟಾಗಿರಲಿ ಎಂದು ಶಿಷ್ಯರಿಗೆ ಹೇಳಿದರು. ತಮ್ಮ ಸಮಾಧಿಯ ಸುತ್ತ ಅದನ್ನು ನೆಡಲು ಸೂಚಿಸಿದರೆಂಬ ಮಾತೂ ಪ್ರಚಲಿತವಾಯಿತು. ಶೈಖ್ ಹೈದರ್ ಹಿಜರಿ 618ರಲ್ಲಿ, ಅಂದರೆ ಕ್ರಿ.ಶ. 1221ರ ಸುಮಾರಿಗೆ ನಿಧನರಾದರು. ಇಂದಿನ ಇರಾನಿನ ತುರ್ಬತೆ ಹೈದರಿಯ್ಯ ಎಂಬ ಪಟ್ಟಣಕ್ಕೆ ಅವರ ಸಮಾಧಿಯಿಂದಲೇ ಆ ಹೆಸರು ಬಂದಿದೆ.

ಈ ಕಥೆಯನ್ನು ಹಾಗೆಯೇ ಒಪ್ಪಲಾಗದು. ಇದು ಶೈಖರ ಮರಣದ ನಲವತ್ತು ವರ್ಷಗಳ ಬಳಿಕ, ಹಿಜರಿ 658ರಲ್ಲಿ, ಅವರ ಪಂಥದ ಅನುಯಾಯಿಯೊಬ್ಬನ ಬಾಯಿಂದ ಕೇಳಿ ಬರೆದುಕೊಂಡದ್ದು. ಶೈಖರ ಕಾಲಕ್ಕಿಂತ ನೂರು ವರ್ಷ ಮೊದಲೇ, ಸುಮಾರು 1123ರಲ್ಲಿ, ಈಜಿಪ್ಟಿನ ಫಾತಿಮಿ ಆಸ್ಥಾನದ ಪತ್ರವೊಂದು ತನ್ನ ವಿರೋಧಿ ಗುಂಪನ್ನು ಹೀಯಾಳಿಸಲು ‘ಹಶೀಶಿಯ್ಯ’ ಎಂಬ ಪದವನ್ನು ಬಳಸಿತ್ತು. ಆದ್ದರಿಂದ ಶೈಖರೇ ಇದನ್ನು ಮೊದಲು ಕಂಡುಹಿಡಿದರೆಂಬ ಮಾತು ನಿಲ್ಲುವುದಿಲ್ಲ. ತಮ್ಮ ಚಟಕ್ಕೆ ಗೌರವ ತಂದುಕೊಳ್ಳಲು ಯಾರೋ ಒಬ್ಬ ವಿರಕ್ತರ ಹೆಸರನ್ನು ಅದಕ್ಕೆ ಅಂಟಿಸಿರುವ ಸಾಧ್ಯತೆಯೇ ಹೆಚ್ಚು.

ಆದರೂ ಈ ಕಥೆಯಲ್ಲಿ ನಮಗೊಂದು ಪಾಠವಿದೆ. ‘ಇದು ಎಲ್ಲರಿಗಲ್ಲ, ನಮ್ಮವರಿಗೆ ಮಾತ್ರ’ ಎಂಬ ಗುಟ್ಟಿನ ಹೆಮ್ಮೆ, ‘ಇದು ಧ್ಯಾನಕ್ಕೆ ಸಹಾಯಕ’ ಎಂಬ ಸಮರ್ಥನೆ, ‘ಇದು ಕೇವಲ ಒಂದು ಸೊಪ್ಪು’ ಎಂಬ ಉದಾಸೀನ — ಈ ಮೂರೂ ಅದರಲ್ಲಿವೆ. ಇಂದು ಕಾಲೇಜಿನ ಹುಡುಗರ ಗುಂಪಿನಲ್ಲಿ ಬೀಜ ಕೈಯಿಂದ ಕೈಗೆ ಸಾಗುವಾಗಲೂ ಇವೇ ಮೂರು ಮಾತುಗಳು ಅದರೊಂದಿಗೆ ಸಾಗುತ್ತವೆ. ಗುಟ್ಟಾಗಿರಬೇಕಾಗಿದ್ದ ಗಿಡ ಒಂದೆರಡು ತಲೆಮಾರುಗಳಲ್ಲಿ ಇರಾಕ್, ಸಿರಿಯಾ, ಈಜಿಪ್ಟುಗಳ ಸಂತೆಗೆ ಬಂತು. ನೆಟ್ಟವನ ಗುಟ್ಟು ಗಿಡದೊಡನೆಯೇ ಬೆಳೆದು ಬೇಲಿ ದಾಟುತ್ತದೆ.

ಕಾಫೂರ್ ತೋಟ

ಕೈರೋದಲ್ಲಿ ‘ಅಲ್ ಬುಸ್ತಾನುಲ್ ಕಾಫೂರೀ’ ಎಂಬ ಹೆಸರಾಂತ ತೋಟವಿತ್ತು. ಇಖ್‌ಶೀದಿ ಅರಸರ ಕಾಲದಲ್ಲಿ, ನಗರ ಹುಟ್ಟುವ ಮೊದಲೇ ಅಸ್ತಿತ್ವಕ್ಕೆ ಬಂದ ತೋಟವದು. ಫಾತಿಮಿ ಖಲೀಫರ ಕಾಲದಲ್ಲಿ ಅರಮನೆಯ ವಿಹಾರಕ್ಕೆ ಮೀಸಲಾಗಿತ್ತು. ಅರಸರ ಹೂವು ಹಣ್ಣುಗಳಿಗೆ ಹೆಸರಾದ ಆ ನೆಲ 13ನೇ ಶತಮಾನದ ಹೊತ್ತಿಗೆ ಹಶೀಶಿಗೆ ಹೆಸರಾಯಿತು. ಅಲ್ಲಿ ಬೆಳೆದ ಸೊಪ್ಪಿಗೆ ‘ಕಾಫೂರೀ’ ಎಂಬ ವಿಶೇಷ ಬೆಲೆಯಿತ್ತು. ಕವಿಗಳು ಅದನ್ನು ಹೊಗಳಿ ಹಾಡುವ ಮಟ್ಟಕ್ಕೆ ವಿಷಯ ಹೋಯಿತು.

ಹಿಜರಿ 643ರಲ್ಲಿ, ಅಂದರೆ 1245ರ ಸುಮಾರಿಗೆ, ಅಯ್ಯೂಬಿ ಸುಲ್ತಾನ ಅಸ್ಸಾಲಿಹ್ ನಜ್ಮುದ್ದೀನ್ ಅಯ್ಯೂಬ್ ಆ ತೋಟದಲ್ಲಿ ಹಶೀಶ್ ಬೆಳೆಯುವುದನ್ನು ತಡೆಯಲು ಆಜ್ಞಾಪಿಸಿದ. ಅವನ ಅಮೀರನು ತೋಟವನ್ನು ಹೊಕ್ಕು ನೋಡಿದಾಗ ಗಿಡಗಳು ಹೇರಳವಾಗಿದ್ದವು. ಎಲ್ಲವನ್ನೂ ಒಟ್ಟುಗೂಡಿಸಿ ಸುಡಿಸಲಾಯಿತು. ಕೆಲವೇ ವರ್ಷಗಳಲ್ಲಿ ತೋಟವನ್ನೇ ತುಂಡುಮಾಡಿ ಮನೆಗಳನ್ನು ಕಟ್ಟಲಾಯಿತು. ಆದರೆ ಗಿಡ ಸಾಯಲಿಲ್ಲ. ನಗರದ ಹೊರವಲಯದ ಬೇರೆ ತೋಟಗಳಿಗೆ ಹೋಯಿತು.

ಇಲ್ಲಿ ಒಂದು ಕಹಿ ಸತ್ಯವನ್ನು ಹೇಳಲೇಬೇಕು. ಈ ಬೆಳೆಯಿಂದ ಸರ್ಕಾರಕ್ಕೆ ಆದಾಯವಿತ್ತು. ಹಶೀಶಿನ ಮಾರಾಟದ ಮೇಲಿನ ತೆರಿಗೆಯನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ಮಮ್ಲೂಕ್ ಸುಲ್ತಾನ ಅಝ್ಝಾಹಿರ್ ಬೈಬರ್ಸ್ ಹಿಜರಿ 665ರಲ್ಲಿ (ಕ್ರಿ.ಶ. 1266–67) ಆ ಗುತ್ತಿಗೆಯನ್ನು ರದ್ದುಗೊಳಿಸಿ, ಖಜಾನೆಗಾದ ನಷ್ಟವನ್ನು ಸಹಿಸಿಕೊಂಡ. ಶತಮಾನಗಳ ಬಳಿಕ ನಮ್ಮ ಮೈಸೂರಿನಲ್ಲಿ ಟಿಪ್ಪು ಸುಲ್ತಾನರು ಮದ್ಯನಿಷೇಧಕ್ಕೆ ಮುಂದಾದಾಗಲೂ ಖಜಾನೆಯ ನಷ್ಟದ ಪ್ರಶ್ನೆಯೇ ಎದುರಾಗಿತ್ತು. ಪ್ರಜೆಗಳ ಆರೋಗ್ಯ ಮತ್ತು ನಡತೆ ಆದಾಯಕ್ಕಿಂತ ದೊಡ್ಡದೆಂಬ ನಿಲುವನ್ನು ಅವರು ತಳೆದರು. ಅಮಲಿನ ಹಣವನ್ನು ಬಿಟ್ಟುಕೊಡುವುದು ಅರಸನಿಗಾಗಲಿ ಆಳಿಗಾಗಲಿ ಸುಲಭವಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಬೈಬರ್ಸನ ಬಳಿಕವೂ ಗಿಡ ಮರಳಿ ಬಂತು. ಸುಮಾರು 1378ರಲ್ಲಿ ಅಮೀರ್ ಸೂದೂನ್ ಅಶ್ಶೈಖೂನೀ ಬಾಬುಲ್ಲೂಖ್, ಬೂಲಾಖ್ ಮೊದಲಾದ ಕಡೆಗಳಲ್ಲಿ ಬೆಳೆಯನ್ನು ನಾಶಪಡಿಸಿದ. ತಿಂದು ಸಿಕ್ಕಿಬಿದ್ದವರ ಹಲ್ಲುಗಳನ್ನು ಕೀಳಿಸಿದನೆಂದು ಮಖ್ರೀಝಿ ದಾಖಲಿಸುತ್ತಾರೆ. ಅಷ್ಟು ಕ್ರೂರ ಶಿಕ್ಷೆಯೂ ಫಲ ಕೊಡಲಿಲ್ಲ. 14ನೇ ಶತಮಾನದ ಕೊನೆಯಲ್ಲಿ ತೈಮೂರನ ದಾಳಿಗೆ ಹೆದರಿ ಬಗ್ದಾದಿನ ಸುಲ್ತಾನ ಅಹ್ಮದ್ ಬಿನ್ ಉವೈಸ್ ಕೈರೋಗೆ ಓಡಿಬಂದಾಗ, ಅವನ ಸಂಗಡಿಗರು ಬಹಿರಂಗವಾಗಿಯೇ ಅದನ್ನು ಸೇವಿಸಿದರು. ಹಿಜರಿ 815ರ (ಕ್ರಿ.ಶ. 1412) ಹೊತ್ತಿಗೆ ಜನರಲ್ಲಿ ನಾಚಿಕೆಯೇ ಉಳಿದಿರಲಿಲ್ಲವೆಂದು ಮಖ್ರೀಝಿ ನೋವಿನಿಂದ ಬರೆಯುತ್ತಾರೆ.

ಬೆಂಕಿ ಗಿಡವನ್ನು ಸುಟ್ಟಿತು, ಇಕ್ಕಳ ಹಲ್ಲನ್ನು ಕಿತ್ತಿತು. ಆದರೆ ನೆಡುವ ಕೈಯನ್ನು ಬದಲಿಸುವ ಶಕ್ತಿ ಅವೆರಡಕ್ಕೂ ಇರಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಬೇರೆ.

ಹೆಸರಿಲ್ಲದ ವಸ್ತುವಿನ ವಿಧಿ

ಆ ಬೇರೆ ಕೆಲಸವನ್ನು ಮಾಡಿದವರು ಉಲಮಾಗಳು. ಅವರ ಮುಂದೆಯೂ ನಮ್ಮ ಹುಡುಗನ ಪ್ರಶ್ನೆಯೇ ಇತ್ತು. ಕುರ್‌ಆನಿನಲ್ಲಿ ಹಶೀಶಿನ ಹೆಸರಿಲ್ಲ. ನಾಲ್ಕು ಮಹಾ ಇಮಾಮರ ಕಾಲದಲ್ಲಿ ಇದರ ಪಿಡುಗು ಸಮಾಜದಲ್ಲಿ ಹರಡಿರಲಿಲ್ಲ. ಆದ್ದರಿಂದ ಅವರೂ ಇದರ ಕುರಿತು ನೇರವಾಗಿ ಏನನ್ನೂ ಹೇಳಿಲ್ಲ. ಹಾಗಿದ್ದರೆ ತೀರ್ಪು ಎಲ್ಲಿಂದ?

ಉತ್ತರಕ್ಕಾಗಿ ಅವರು ಹಝ್ರತ್ ಉಮರ್(ರ) ಮಿಂಬರಿನ ಮೇಲೆ ನಿಂತು ಮಾಡಿದ ಉಪದೇಶದೆಡೆಗೆ ನೋಡಿದರು. ಮದ್ಯನಿಷೇಧದ ಸೂಕ್ತ ಅವತೀರ್ಣವಾದಾಗ ಅರಬರಲ್ಲಿ ದ್ರಾಕ್ಷಿ, ಖರ್ಜೂರ, ಜೇನು, ಗೋಧಿ, ಬಾರ್ಲಿ ಎಂಬ ಐದು ವಸ್ತುಗಳಿಂದ ಮದ್ಯ ತಯಾರಾಗುತ್ತಿತ್ತು. ಉಮರ್(ರ) ಆ ಐದನ್ನು ಎಣಿಸಿ ಅಲ್ಲಿಗೇ ನಿಲ್ಲಿಸಲಿಲ್ಲ. ಬುದ್ಧಿಗೆ ಮುಸುಕು ಹಾಕುವುದೆಲ್ಲವೂ ‘ಖಮ್ರ್’ ಎಂಬ ಅರ್ಥವನ್ನು ಅವರು ಸ್ಪಷ್ಟಪಡಿಸಿದರು. ಅಮಲೇರಿಸುವ ಪ್ರತಿಯೊಂದೂ ನಿಷಿದ್ಧವೆಂಬ ಪ್ರವಾದಿವರ್ಯರ(ಸ) ವಚನ ಸಹೀಹ್ ಮುಸ್ಲಿಮಿನಲ್ಲಿದೆ. ಅಮಲೇರಿಸುವುದನ್ನಷ್ಟೇ ಅಲ್ಲ, ದೇಹವನ್ನೂ ಮನಸ್ಸನ್ನೂ ಜಡಗೊಳಿಸುವುದನ್ನೂ ಪ್ರವಾದಿವರ್ಯರು(ಸ) ತಡೆದಿದ್ದರೆಂದು ಉಮ್ಮುಲ್ ಮುಅ್‌ಮಿನೀನ್ ಉಮ್ಮು ಸಲಮಾ(ರ) ಅವರ ವರದಿ ಅಬೂ ದಾವೂದಿನಲ್ಲಿದೆ. ಹೆಸರು ಬದಲಾಗಬಹುದು, ರೂಪ ಬದಲಾಗಬಹುದು, ದ್ರವದ ಬದಲು ಸೊಪ್ಪಾಗಬಹುದು. ಕಾರಣ ಒಂದೇ ಆಗಿದ್ದರೆ ವಿಧಿಯೂ ಒಂದೇ. ಖಿಯಾಸ್ ಎಂಬ ಶಾಸ್ತ್ರದ ಸೊಬಗು ಇದು.

ಹಾಗೆಂದು ಅವರೆಲ್ಲರೂ ಒಂದೇ ಮಾತನ್ನು ಕುರುಡಾಗಿ ಹೇಳಿದರೆಂದಲ್ಲ. ಈಜಿಪ್ಟಿನ ಮಾಲಿಕಿ ವಿದ್ವಾಂಸ ಇಮಾಮ್ ಖರಾಫೀ (ನಿಧನ 1285) ಅಮಲೇರಿಸುವುದು, ಬುದ್ಧಿಯನ್ನು ಕೆಡಿಸುವುದು, ನಿದ್ದೆ ಬರಿಸುವುದು ಎಂದು ಮೂರು ವಿಭಾಗ ಮಾಡಿದರು. ಹಶೀಶನ್ನು ಎರಡನೆಯ ವಿಭಾಗದಲ್ಲಿ ಇರಿಸಿದರು. ಆದ್ದರಿಂದ ಮದ್ಯಪಾನದ ನಿಗದಿತ ಶಿಕ್ಷೆ ಇದಕ್ಕೆ ಅನ್ವಯಿಸದು, ನ್ಯಾಯಾಧೀಶರ ವಿವೇಚನೆಯ ಶಿಕ್ಷೆ ಮಾತ್ರ ಎಂಬುದು ಅವರ ನಿಲುವು. ದಮಾಸ್ಕಸ್ಸಿನ ಇಬ್ನು ತೈಮಿಯ್ಯ (ನಿಧನ 1328) ಇದನ್ನು ಒಪ್ಪದೆ, ಇದು ಮದ್ಯದಂತೆಯೇ ಅಮಲೇರಿಸುವ ವಸ್ತು, ಶಿಕ್ಷೆಯೂ ಅದೇ ಎಂದು ವಾದಿಸಿದರು. ಶಾಫಿಈ ಮದ್‌ಹಬಿನ ಇಮಾಮ್ ಝರ್ಕಶೀ (ನಿಧನ 1392) ಇದರ ನಿಷೇಧದ ಕುರಿತೇ ಪ್ರತ್ಯೇಕ ಪ್ರಬಂಧವೊಂದನ್ನು ರಚಿಸಿ, ಗಿಡದ ಹೆಸರು, ಇತಿಹಾಸ, ವೈದ್ಯರ ಅಭಿಪ್ರಾಯ, ಬುದ್ಧಿಗೂ ದೇಹಕ್ಕೂ ಆಗುವ ಕೇಡು, ಫಿಕ್ಹಿನ ವಿಧಿ ಎಲ್ಲವನ್ನೂ ಕ್ರಮವಾಗಿ ಚರ್ಚಿಸಿದರು. ಶಿಕ್ಷೆಯ ಪ್ರಮಾಣದಲ್ಲಿ ಭಿನ್ನಾಭಿಪ್ರಾಯವಿತ್ತು. ಬುದ್ಧಿ ಕೆಡಿಸಿಕೊಳ್ಳುವುದು ನಿಷಿದ್ಧವೆಂಬುದರಲ್ಲಿ ಇರಲಿಲ್ಲ.

ಅವರ ನ್ಯಾಯಬುದ್ಧಿಗೆ ಇನ್ನೊಂದು ನಿದರ್ಶನವಿದೆ. ಕೊಳೆತ ಅಂಗವೊಂದನ್ನು ಕತ್ತರಿಸಬೇಕಾಗಿ ಬಂದರೆ ರೋಗಿಗೆ ಪ್ರಜ್ಞೆ ತಪ್ಪಿಸುವ ಸಸ್ಯೌಷಧವನ್ನು ಕೊಡಬಹುದೇ ಎಂಬುದನ್ನು ಇಮಾಮ್ ನವವೀಯಂಥವರು ಚರ್ಚಿಸಿ ಅವಕಾಶ ನೀಡಿದ್ದಾರೆ. ಅಂದರೆ ಗಿಡದ ಮೇಲೆ ಅವರಿಗೆ ದ್ವೇಷವಿರಲಿಲ್ಲ. ರೋಗಿಯ ನೋವನ್ನು ತಗ್ಗಿಸುವ ವೈದ್ಯನ ಕೈಯನ್ನೂ, ಆರೋಗ್ಯವಂತನ ಬುದ್ಧಿಯನ್ನು ಕದಿಯುವ ಕೈಯನ್ನೂ ಅವರು ಬೇರೆಬೇರೆಯಾಗಿ ಕಂಡರು.

‘ಬೆಳೆಸಿದ್ದೇನೆ, ಅಷ್ಟೇ’

ಈಗ ಹುಡುಗನ ಮುಖ್ಯ ವಾದಕ್ಕೆ ಬರೋಣ. ಅವನು ಸೇವಿಸಿಲ್ಲ, ಬೆಳೆಸಿದ್ದಾನೆ ಅಷ್ಟೇ. ಇದನ್ನು ನಂಬಿಯೇ ಮುಂದುವರಿಯುತ್ತೇನೆ.

ಮದ್ಯದ ವಿಷಯದಲ್ಲಿ ಹತ್ತು ಮಂದಿಯ ಮೇಲೆ ಶಾಪವಿರುವುದನ್ನು ಪ್ರವಾದಿವರ್ಯರು(ಸ) ಎಣಿಸಿ ಹೇಳಿದ ಹದೀಸನ್ನು ಹಝ್ರತ್ ಅನಸ್(ರ) ವರದಿ ಮಾಡಿದ್ದು, ತಿರ್ಮಿದಿಯಲ್ಲಿ ದಾಖಲಾಗಿದೆ. ಆ ಪಟ್ಟಿಯಲ್ಲಿ ಕುಡಿಯುವವನು ಒಬ್ಬನು ಮಾತ್ರ. ಉಳಿದ ಒಂಬತ್ತು ಮಂದಿ ಹಿಂಡುವವನು, ಹಿಂಡಿಸುವವನು, ಹೊರುವವನು, ಹೊರಿಸಿಕೊಳ್ಳುವವನು, ಸುರಿದು ಕೊಡುವವನು, ಮಾರುವವನು, ಅದರ ಬೆಲೆಯನ್ನು ಉಣ್ಣುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಯಿತೋ ಅವನು. ಇವರಲ್ಲಿ ಹಲವರು ಒಂದು ಹನಿಯನ್ನೂ ಬಾಯಿಗಿಡದವರು. ಅವರೆಲ್ಲರೂ ನಮ್ಮ ಹುಡುಗನಂತೆಯೇ ‘ನಾನು ಇಷ್ಟನ್ನೇ ಮಾಡಿದೆ’ ಎನ್ನಬಲ್ಲವರು. ಕೇಡೊಂದು ತಲೆಯೆತ್ತಬೇಕಾದರೆ ಅನೇಕ ಕೈಗಳು ಬೇಕು. ಪ್ರತಿಯೊಂದು ಕೈಯೂ ತನ್ನ ಪಾಲು ಚಿಕ್ಕದೆಂದೇ ಭಾವಿಸುತ್ತದೆ.

ಇದೇ ತತ್ವದ ಮೇಲೆ ಶಾಫಿಈ ಫಿಕ್ಹ್ ಗ್ರಂಥಗಳು ದ್ರಾಕ್ಷಿಯ ಮಾರಾಟವನ್ನು ಚರ್ಚಿಸುತ್ತವೆ. ದ್ರಾಕ್ಷಿ ಹಲಾಲಾದ ಹಣ್ಣು. ಆದರೆ ಕೊಳ್ಳುವವನು ಅದರಿಂದ ಮದ್ಯ ಮಾಡುತ್ತಾನೆಂದು ತಿಳಿದಿದ್ದೂ ಮಾರುವುದು ಹರಾಮ್; ಬರಿಯ ಸಂದೇಹವಿದ್ದರೆ ಕರಾಹತ್. ಹಣ್ಣಿನ ಸ್ವಭಾವವಲ್ಲ, ತಿಳಿವಳಿಕೆ ಮತ್ತು ಉದ್ದೇಶ ಇಲ್ಲಿ ತೀರ್ಪನ್ನು ನಿರ್ಧರಿಸುತ್ತವೆ. ಹಣ್ಣಿನ ವಿಷಯದಲ್ಲಿಯೇ ಹೀಗಿರುವಾಗ, ಅಮಲಿಗೆಂದೇ ಬೀಜ ತಂದು ಮಲ್ಲಿಗೆಯ ನಡುವೆ ಬಚ್ಚಿಟ್ಟ ಗಿಡದ ವಿಷಯವೇನು? ಬಚ್ಚಿಟ್ಟಿದ್ದೇ ಉದ್ದೇಶಕ್ಕೆ ಸಾಕ್ಷಿ.

ನಮ್ಮ ಉಪಖಂಡದ ಚರಿತ್ರೆಯಲ್ಲಿಯೂ ಬೆಳೆಗಾರನ ಈ ಪ್ರಶ್ನೆ ಎದ್ದಿತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಸರ್ಕಾರವು ಬಂಗಾಳದ ನೌಗಾಂವ್ ಸೀಮೆಯಲ್ಲಿ ಪರವಾನಗಿ ಕೊಟ್ಟು ಗಾಂಜಾ ಬೆಳೆಸಿ, ಬೆಳೆಯನ್ನು ಉಗ್ರಾಣದಲ್ಲಿಡಿಸಿ ತೆರಿಗೆ ಪಡೆಯುತ್ತಿತ್ತು. 1893ರಲ್ಲಿ ನೇಮಕವಾದ ಗಾಂಜಾ ವಿಚಾರಣಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಏಳು ಸಂಪುಟಗಳ ವರದಿ ನೀಡಿತು. ಅತಿಯಾದ ಸೇವನೆ ಹಾನಿಕರವಾದರೂ ಪೂರ್ಣ ನಿಷೇಧದ ಅಗತ್ಯವಿಲ್ಲ, ಪರವಾನಗಿ ಮತ್ತು ತೆರಿಗೆಯಿಂದ ನಿಯಂತ್ರಿಸಬಹುದು ಎಂಬುದು ಅದರ ಸಲಹೆ. 1917ರಲ್ಲಿ ನೌಗಾಂವಿನ ಬೆಳೆಗಾರರು ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಸಂಘದ ಲಾಭದಿಂದ ಶಾಲೆ, ಔಷಧಾಲಯಗಳಿಗೂ ಹಣ ಹೋಯಿತು. ಅವರಲ್ಲಿ ಮುಸ್ಲಿಮ್ ರೈತರೂ ಇದ್ದರು. ಬಡತನದಲ್ಲಿದ್ದ ಆ ರೈತರನ್ನು ಇಂದು ಇಲ್ಲಿ ಕುಳಿತು ಹಳಿಯುವುದು ನನ್ನ ಉದ್ದೇಶವಲ್ಲ. ಸರ್ಕಾರದ ಮುದ್ರೆ ಬಿದ್ದರೆ ಬೆಳೆ ಕಾನೂನುಬದ್ಧವಾಗುತ್ತದೆ, ಲಾಭದಲ್ಲಿ ಶಾಲೆಯೂ ಎದ್ದು ನಿಲ್ಲುತ್ತದೆ. ಆದರೆ ಆ ಬೆಳೆ ಯಾವ ಮನೆಯ ಯಾವ ಮಗನ ಬುದ್ಧಿಯನ್ನು ತಿಂದಿತು ಎಂಬ ಲೆಕ್ಕ ಯಾವ ಉಗ್ರಾಣದ ಪುಸ್ತಕದಲ್ಲೂ ಇರುವುದಿಲ್ಲ. ಆ ಲೆಕ್ಕ ಬೇರೊಂದು ಕಡೆ ಇರುತ್ತದೆ.

ಇಂದಿನ ಭಾರತದಲ್ಲಿ ಆ ಮುದ್ರೆಯ ರಕ್ಷಣೆಯೂ ಇಲ್ಲ. 1985ರ ಮಾದಕ ದ್ರವ್ಯ ಕಾಯ್ದೆಯ 20ನೇ ಕಲಮಿನಂತೆ ಅನುಮತಿಯಿಲ್ಲದೆ ಈ ಗಿಡವನ್ನು ಬೆಳೆಸಿದವರಿಗೆ 10 ವರ್ಷಗಳವರೆಗೆ ಕಠಿಣ ಕಾರಾಗೃಹ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕುಂಡದಲ್ಲಿದ್ದದ್ದು ಒಂದೇ ಗಿಡ, ತಾರಸಿಯಲ್ಲಿ ಬೆಳೆಸಿದ್ದು ಎಂಬ ಮಾತಿಗೆ ಅಲ್ಲಿ ವಿನಾಯಿತಿಯಿಲ್ಲ. ತಿಳಿದೂ ತನ್ನ ಮನೆಯನ್ನು ಇಂಥ ಅಪರಾಧಕ್ಕೆ ಬಿಟ್ಟುಕೊಟ್ಟವರೂ ತಪ್ಪಿತಸ್ಥರೇ. ಇನ್ನೂ ಕಠಿಣವಾದದ್ದು 35ನೇ ಕಲಮು. ಅದರಂತೆ ಆರೋಪಿಗೆ ಅಪರಾಧದ ಅರಿವಿತ್ತೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಅರಿವಿರಲಿಲ್ಲವೆಂದು ರುಜುವಾತುಪಡಿಸುವ ಭಾರ ಆರೋಪಿಯದೇ.

ಎರಡು ಉತ್ತರಗಳು

ಇದನ್ನೆಲ್ಲ ಆ ಹುಡುಗನಿಗೆ ಒಂದೇ ದಿನ ಹೇಳಲಿಲ್ಲ. ಹಲವು ಸಂಜೆಗಳು ಹಿಡಿದವು. ಕೊನೆಗೆ ಕೇಳಿದೆ: “ಮಗನೇ, ಪೊಲೀಸರು ತಾರಸಿಗೆ ಬಂದ ಹೊತ್ತಿನಲ್ಲಿ ನೀರಿನ ಕೊಡ ಹಿಡಿದು ಗಿಡದ ಬುಡದಲ್ಲಿ ಯಾರು ನಿಂತಿರುತ್ತಿದ್ದರು?”

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಶಾಸ್ತ್ರದ ಯಾವ ವಾದಕ್ಕೂ ಕರಗದ ಮುಖ ಆ ಪ್ರಶ್ನೆಗೆ ಕರಗಿತು. ಅನಂತರ ಅವನಾಗಿಯೇ ಹೇಳಿದ: “ಸೇದಿಲ್ಲವೆಂದು ಹೇಳಿದ್ದು ಸುಳ್ಳು ಉಸ್ತಾದ್. ಎರಡು ಮೂರು ಸಲ ಸೇದಿದ್ದೇನೆ.” ಅವನು ಹೇಳಿದ್ದನ್ನು ನಂಬಿದ್ದಕ್ಕೆ ನನಗೆ ಪಶ್ಚಾತ್ತಾಪವಾಗಲಿಲ್ಲ. ನಂಬದೆ ಹೋಗಿದ್ದರೆ ಅವನು ಸತ್ಯ ಹೇಳುವ ಸಂದರ್ಭವೇ ಬರುತ್ತಿರಲಿಲ್ಲವೇನೋ.

ತಾಯಿಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿದ್ದೆ. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆ ಎಂಬ ಹದೀಸಿನಿಂದಲೇ ಇಮಾಮ್ ಬುಖಾರಿ ತಮ್ಮ ಸಂಗ್ರಹವನ್ನು ಆರಂಭಿಸಿದ್ದಾರೆ. ಮಲ್ಲಿಗೆಗೆಂದು ನೀರು ತಂದ ಕೈ, ಬಾಯಾರಿದ ಇನ್ನೊಂದು ಗಿಡವನ್ನು ಕಂಡು ಅದಕ್ಕೂ ಎರೆಯಿತು. ಆ ಕೈಯಲ್ಲಿ ಪಾಪವಿಲ್ಲ. ಲೋಕದ ನ್ಯಾಯಾಲಯದಲ್ಲಿ ಆಕೆ ತನ್ನ ಅರಿವಿಲ್ಲದಿರುವಿಕೆಯನ್ನು ರುಜುವಾತುಪಡಿಸಬೇಕಾಗಿ ಬರುತ್ತಿತ್ತೇನೋ. ಹೃದಯಗಳನ್ನು ಬಲ್ಲವನ ಮುಂದೆ ಅದರ ಅಗತ್ಯವಿಲ್ಲ. ಆ ತಾಯಿಯನ್ನು ಅಂಥ ಅಪಾಯದ ಬುಡದಲ್ಲಿ ನಿಲ್ಲಿಸಿದವನ ಹೊಣೆ ಮಾತ್ರ ನೆಟ್ಟವನದೇ.

ಸಸಿ ನೆಡುವುದು ನಮ್ಮ ದೀನಿನಲ್ಲಿ ಸಣ್ಣ ಕೆಲಸವಲ್ಲ. ಮುಸ್ಲಿಮನೊಬ್ಬ ನೆಟ್ಟ ಮರದಿಂದ ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ಸದಖ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅಂತ್ಯದಿನವೇ ಬಂದರೂ ಕೈಯಲ್ಲಿರುವ ಸಸಿಯನ್ನು ಸಾಧ್ಯವಾದರೆ ನೆಡಬೇಕೆಂಬ ಉಪದೇಶ ಇಮಾಮ್ ಅಹ್ಮದರ ಮುಸ್ನದಿನಲ್ಲಿದೆ. ನೆಟ್ಟವನು ಮಲಗಿದ್ದಾಗಲೂ, ಮಣ್ಣು ಸೇರಿದ ಮೇಲೂ, ಗಿಡ ಅವನ ಲೆಕ್ಕಕ್ಕೆ ಕೂಡಿಸುತ್ತಲೇ ಇರುತ್ತದೆ. ಒಳಿತಾದರೆ ಒಳಿತು, ಕೇಡಾದರೆ ಕೇಡು. ಕಾಫೂರ್ ತೋಟದಲ್ಲಿ ಮೊದಲ ಬೀಜ ಬಿತ್ತಿದವನ ಹೆಸರು ಇಂದು ಯಾರಿಗೂ ನೆನಪಿಲ್ಲ. ಅವನ ಲೆಕ್ಕ ಮಾತ್ರ ಅಳಿಸಿಹೋಗಿರಲಾರದು.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ಬೆಳೆಸುವ ಗಿಡಗಳನ್ನು ನೋಡಿ, ಅವರ ಪ್ರಶ್ನೆಗಳನ್ನೂ ಕೇಳಿ. ಸೂದೂನನ ಇಕ್ಕಳದಿಂದ ಆಗದ ಕೆಲಸ ಮನೆಯ ಹೊಡೆತದಿಂದಲೂ ಆಗದು. ಚಟ ಅಂಟಿಕೊಂಡಿದ್ದರೆ ಅದನ್ನು ಮರ್ಯಾದೆಯ ಪ್ರಶ್ನೆಯಾಗಿಸಿ ಮುಚ್ಚಿಡಬೇಡಿ. ವೈದ್ಯರ ಬಳಿಗೆ ಕರೆದೊಯ್ಯಿರಿ. ವ್ಯಸನಮುಕ್ತಿಗಾಗಿ 14446 ಎಂಬ ಸರ್ಕಾರಿ ಉಚಿತ ಸಹಾಯವಾಣಿಯಿದೆ. ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಕಾನೂನು ಕ್ರಮದಿಂದ ರಕ್ಷಣೆ ನೀಡುವ ಅವಕಾಶವೂ ಅದೇ ಕಾಯ್ದೆಯಲ್ಲಿದೆ.

ಆ ಹುಡುಗ ಈಗ ವೈದ್ಯರ ಸಲಹೆಯಲ್ಲಿದ್ದಾನೆ. ಶುಕ್ರವಾರಗಳಂದು ಮಸೀದಿಯಲ್ಲಿ ಕಾಣಸಿಗುತ್ತಾನೆ. ಕೆಲವು ವಾರ ಕಾಣಸಿಗುವುದಿಲ್ಲ. ತಾಯಿ ಇನ್ನೂ ಮಲ್ಲಿಗೆ ಬೆಳೆಸುತ್ತಿದ್ದಾರೆ, ಕುಂಡಗಳಿಗೆ ನೀರೆರೆಯುವ ಮುನ್ನ ಒಂದೊಂದನ್ನೂ ದಿಟ್ಟಿಸಿ ನೋಡುತ್ತಾರಂತೆ. ಅಲ್ಲಾಹನು ಆ ಮನೆಯನ್ನೂ ನಮ್ಮೆಲ್ಲರ ಮನೆಗಳನ್ನೂ ಕಾಪಾಡಲಿ. ನಮ್ಮ ಮಕ್ಕಳ ಕೈಗಳಿಂದ ನೆರಳು ಕೊಡುವ ಮರಗಳನ್ನೇ ನೆಡಿಸಲಿ. ಆಮೀನ್.